ಕಾಣೆಯಾದ ಹೆಂಡತಿಯ ಮಂಡಿಗಳ ಬಗ್ಗೆ

ಬೀಗದಯ್ಯನೆಂದೇ ಎಲ್ಲರೂ ಕರೆಯುವ ನಾನು, ವಯಸ್ಸು 63 ವರ್ಷ, ಕಸುಬು ಬೀಗ ರಿಪೇರಿ, ವಾಸ ಮಾರುಕಟ್ಟೆ ಹಿಂದಿನ ಬೀದಿಯ ನೆಲಮಹಡಿಯ ಮನೆ, ಇಂದು ಎರಡನೇ ಸಲ ಠಾಣೆಗೆ ಹಾಜರಾಗಿ ಬರೆಸುವುದೇನೆಂದರೆ:

ನನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ಬೆಳಿಗ್ಗೆ ನಾನೇ ದೂರು ಕೊಟ್ಟಿದ್ದೆನು. ಆಕೆ ಸಿಕ್ಕಿದ್ದಾಳೆ. ನಡೆದದ್ದನ್ನು ಮೊದಲಿನಿಂದ ಹೇಳಬೇಕೆಂದು ಸಾಹೇಬರು ಕೇಳಿದ್ದರಿಂದ ಹೇಳುತ್ತಿದ್ದೇನೆ.

ಆಕೆಗೆ ಮೂರು ವರ್ಷಗಳಿಂದ ಎರಡೂ ಮಂಡಿಗೆ ಸಂಧಿವಾತ. ಊತ ಇಳಿಯಲೆಂದು ನುಂಗಿದ ಮಾತ್ರೆಗಳು ಹೊಟ್ಟೆಯನ್ನು ಕೆಡಿಸಿದವು. ಬಚ್ಚಲಿಗೆ ಹೋಗಬೇಕಾದರೂ ನನ್ನ ಹೆಗಲು ಬೇಕಿತ್ತು. ಹೋದ ತಿಂಗಳು ಒಂದು ದಿನ, ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ ಎಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಇಂದು ನಾನು ಠಾಣೆಗೆ ಓಡಿ ಬಂದದ್ದು ಅದಕ್ಕೇ.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಹೊಸ ಇಂಜೆಕ್ಷನ್ನನ್ನು, ಒಪ್ಪಿದವರಿಗೆ ಮಾತ್ರ, ಕೊಟ್ಟು ಪರೀಕ್ಷಿಸುತ್ತಿದ್ದಾರೆ. ಬರೀ ಔಷಧಿಯನ್ನು ಮಂಡಿಯ ಕೀಲಿಗೆ ಚುಚ್ಚಿದರೆ ಬೇಗ ಕೊಚ್ಚಿಹೋಗುತ್ತದೆ, ಇದರಲ್ಲಿ ಊತದ ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳೊಳಗೆ ತುಂಬಿರುತ್ತೇವೆ, ಅವು ಕೀಲಿನಲ್ಲೇ ಉಳಿದು ದಿನಕ್ಕಿಷ್ಟಿಷ್ಟೇ ಬಿಡುತ್ತವೆ, ಹೊಟ್ಟೆಯ ತಂಟೆಗೆ ಹೋಗುವುದು ಕಡಿಮೆ ಎಂದು ವಿವರಿಸಿದರು. ಎಲ್ಲರಿಗೂ ಗುಣವಾಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ನಾನು ಗೊಣಗಿದೆನು. ಮಂಡಿ ನಿಮ್ಮದೋ ನನ್ನದೋ ಎಂದು ಹೆಂಡತಿ ಕೇಳಿ, ಒಪ್ಪಿಕೊಂಡೇ ಬಿಟ್ಟಳು. ಇಂಜೆಕ್ಷನ್ ಹಾಕಿಸಿಕೊಂಡು ಎರಡು ವಾರವಾಯಿತು. ಊತ ಇಳಿದದ್ದು ನನಗೂ ಕಾಣುತ್ತಿತ್ತು. ಸುಮ್ಮನೆ ಆಸೆಪಟ್ಟು ಆಮೇಲೆ ಅಳುವುದೇಕೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಇಂದು ಬೆಳಿಗ್ಗೆ 10.20ಕ್ಕೆ, ಮರೆತುಬಂದ ಕನ್ನಡಕಕ್ಕಾಗಿ ಅಂಗಡಿಯಿಂದ ಮನೆಗೆ ಬಂದೆನು. ಬಾಗಿಲು ಬರೀ ಮುಂದೆ ಮಾಡಿತ್ತು. ಹಾಸಿಗೆ ಖಾಲಿ, ಬಚ್ಚಲು ಖಾಲಿ, ಫೋನು ದಿಂಬಿನ ಕೆಳಗೆ. 10.45ಕ್ಕೆ ಠಾಣೆಗೆ ಬಂದು, ಆಕೆ ಹತ್ತು ಹೆಜ್ಜೆ ನಡೆಯಲಾರಳು, ಮೆಟ್ಟಿಲಿನ ಮಾತೇ ಇಲ್ಲ, ಎಲ್ಲೋ ಹತ್ತಿರದಲ್ಲೇ ಬಿದ್ದಿರಬೇಕು ಎಂದು ಬರೆಸಿದೆನು.

ಹಾಗೆ ಬರೆಸಿದ್ದರಿಂದ ಪೇದೆಯವರೂ ನಾನೂ ನೆಲ ಬಿಟ್ಟು ಬೇರೆಲ್ಲೂ ಹುಡುಕಲಿಲ್ಲ. ಅಂಗಡಿಗಳ ಹಿಂದೆ, ನಿಂತ ಲಾರಿಯ ಕೆಳಗೆ, ಗೋಡೆಯ ಸಂದಿಯಲ್ಲಿ ನೋಡಿದೆವು. ಎದುರು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಹೆಂಡತಿಯ ಅಕ್ಕನ ಮನೆಯಿದೆ. ಲಿಫ್ಟ್ ಇಲ್ಲ. ಸೊಂಟ ಮುರಿದುಕೊಂಡ ಅಕ್ಕ ಇಳಿಯಲಾರರು, ಇವಳು ಹತ್ತಲಾರಳು. ಅಕ್ಕತಂಗಿಯರು ಮೂರು ವರ್ಷ ಫೋನಿನಲ್ಲೇ ಮುಖ ನೋಡಿಕೊಂಡವರು. ಅಕ್ಕ ಗಾಬರಿಯಾದಾರೆಂದು ನಾನು ಅವರಿಗೆ ತಿಳಿಸಲೂ ಇಲ್ಲ.

11.30ಕ್ಕೆ ಪೇದೆಯವರು ಚರಂಡಿಯ ಚಪ್ಪಡಿ ಸರಿಸಿ ಬಗ್ಗಿದರು. ನಾನು ಕಣ್ಣು ಮುಚ್ಚಿಕೊಂಡೆನು. ಆಗ ಮೇಲಿನಿಂದ ದನಿ ಬಂತು.

"ಏನ್ರೀ, ಚರಂಡೀಲಿ ಏನು ಬೀಳಿಸ್ಕೊಂಡ್ರಿ?"

ತಲೆ ಎತ್ತಿದರೆ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನನ್ನ ಹೆಂಡತಿ. ಹೋದ ಜೀವ ಬಂದಂತಾಯಿತು. ಬೀದಿಯಲ್ಲೇ ಕೂತು ಅತ್ತೆನು. ಆಮೇಲೆ ಸಿಟ್ಟು ಬಂದು ಬೈದೆನು. ಆ ಮಾತುಗಳು ಬೇಡವೆಂದು ಸಾಹೇಬರು ಹೇಳಿದ್ದರಿಂದ ಬರೆಸಿಲ್ಲ.

ಒಂದೊಂದು ಮಹಡಿಗೂ ಕೂತು ಸುಧಾರಿಸಿಕೊಂಡು ಹತ್ತಿದಳಂತೆ. ಹತ್ತಲಾಗದೆ ಹೋದರೆ ನಾನು ಆಡಿಕೊಳ್ಳುತ್ತೇನೆಂದು ಮೊದಲೇ ಹೇಳಲಿಲ್ಲವಂತೆ. ಬಾಗಿಲು ತೆರೆದ ಅಕ್ಕ, ನಿನ್ನನ್ನು ಯಾರು ಹೊತ್ತು ತಂದರು ಎಂದು ಮೆಟ್ಟಿಲ ಕಡೆ ಇಣುಕಿದರಂತೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ನೋವು ಇಳಿದ ಮಾತ್ರಕ್ಕೆ ಕೀಲು ಹೊಸದಾಗುವುದಿಲ್ಲ, ನಾಳೆಯೇ ಬಂದು ತೋರಿಸಿ ಎಂದು ಗದರಿದರು. ಆದರೆ ಎಷ್ಟನೇ ಮಹಡಿ ಎಂದು ಎರಡು ಸಲ ಕೇಳಿದರು.

ನನ್ನ ಹೆಂಡತಿಯನ್ನು ಯಾರೂ ಕರೆದೊಯ್ದಿಲ್ಲ, ತಾನಾಗಿಯೇ ನಡೆದು ಹೋಗಿದ್ದಾಳೆ. ಯಾರ ಮೇಲೂ ನನ್ನ ದೂರಿಲ್ಲ. ಇದನ್ನು ಬರೆಸುವಾಗ ಆಕೆ ಇಲ್ಲೇ ಬಾಗಿಲ ಬಳಿ ಇದ್ದಾಳೆ. ಪೇದೆಯವರು ಕುರ್ಚಿ ತಂದು ಹಾಕಿದರೆ ಹೀಗೆಂದಳು:

"ಬೇಡಪ್ಪ. ಮೂರು ವರ್ಷ ಕೂತಿದ್ದೀನಿ, ಸ್ವಲ್ಪ ನಿಂತ್ಕೋತೀನಿ."

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದ್ದೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ, ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 14, ಮಧ್ಯಾಹ್ನ 1.15
ಸಹಿ: ಬೀಗದಯ್ಯ