ಸತ್ತೆಪ್ಪ ನಿದ್ದಿ ಮಾಡಿರ್ಲಿಲ್ಲ

ಸಭಾದ ಅಧ್ಯಕ್ಷರಾದ ಬಾಬಾಸಾಹೇಬ ಸಾವಕಾರ್ರಿಗೆ, ಗಾಡಿ ನಿಲ್ಲಿಸಿ ರಾಯಬಾಗ, ಚಿಕ್ಕೋಡಿ, ಕಾಗವಾಡ ಕಡಿಂದ ಬಂದ ಡ್ರೈವರ್ ಬಂಧುಗಳಿಗೆ, ಮುಂದಿನ ಸಾಲಿನ್ಯಾಗ ಕುಂತಿರೋ ಸತ್ತೆಪ್ಪನ ಹೆಂಡ್ತಿ ಚನ್ನವ್ವಕ್ಕಗ, ಅವರ ಮಗಳು ಸುಂದರಾಗ — ಹಾರೂಗೇರಿ ತವನಪ್ಪ ಮಿಸ್ತ್ರಿಯ ನಮಸ್ಕಾರ.

ನನಗ ಭಾಷಣ ಬರೂದಿಲ್ರಿ. ಅದಕ್ಕ ನಮ್ಮ ಸಾಲಿ ಮಾಸ್ತರು ಒಂದು ಹಾಳಿ ಬರದು ಕೊಟ್ಟಾರ. "ದಿವಂಗತರು ಸರಳ ಸ್ವಭಾವದವರೂ ನಿಗರ್ವಿಗಳೂ ಆಗಿದ್ದರು" ಅಂತ ಐತಿ ಇದರಾಗ. ಖರೇನ ಐತಿ. ಆದ್ರ ಇಷ್ಟು ಓದಿ ನಾ ಕೆಳಗ ಕುಂತ್ರ, ಹೇಳಬೇಕಾದ್ದು ಹೇಳದನ ಕುಂತಂಗ ಆಗತೈತಿ. ಇದನ್ನ ಕಿಸೇದಾಗ ಇಡತೇನಿ. ತಪ್ಪ ತಿಳ್ಕೋಬ್ಯಾಡ್ರಿ ಮಾಸ್ತರ.

ಸತ್ತೆಪ್ಪ ಹೋಗಿ ಇವತ್ತಿಗೆ ಹನ್ನೆರಡು ದಿನ. ಹನ್ನೆರಡು ದಿನದಿಂದ ಊರಾಗ ಒಂದ ಮಾತು ನಡದೈತಿ — ಡ್ರೈವರ್ ಮಲಗಿದ್ದನಂತ, ಕುಡದಿದ್ದನಂತ. ಪಂಚನಾಮೆದಾಗೂ ಹಂಗ ಬರದಾರ, "ಚಾಲಕನು ನಿದ್ರೆಗೆ ಜಾರಿದ್ದರಿಂದ" ಅಂತ. ಬರದವರದು ತಪ್ಪಲ್ರಿ. ಕಂಡವರು ಹೇಳಿದ್ದ ಬರಕೊಂಡಾರ.

ಸಾವಕಾರ್ರ ಆ ಕಬ್ಬಿನ ಲಾರಿ ನಿಮಗೆಲ್ಲಾ ಗೊತ್ತೈತಿ. ಅರವತ್ತೆರಡನೇ ಇಸವಿ ಮಾಡೆಲ್ಲು, ಇಪ್ಪತ್ತಾರು ವರ್ಷದ ಗಾಡಿ. ಹದಿನಾಲ್ಕು ವರ್ಷ ಸತ್ತೆಪ್ಪ ಅದನ್ನ ಹೊಡದಾನ, ಹದಿನಾಲ್ಕು ವರ್ಷ ನಾನು ರಿಪೇರಿ ಮಾಡೇನಿ. ಮನಷ್ಯಾ ಹೆಂಗಿದ್ದ ಅಂದ್ರ — ಗಾಡಿ ಹತ್ತಬೇಕಾದ್ರ ಚಪ್ಪಲಿ ಕಳದು, ಹೆಗಲ ಮ್ಯಾಲಿನ ಟಾವೆಲ್ಲಿಲೆ ಅಂಗಾಲು ವರಿಸಿಕೊಂಡು ಹತ್ತಾಂವ. ಕಬ್ಬು ಇಳಿಸಿ ಗ್ಯಾರೇಜಿಗೆ ಬಂದ್ರ, "ಚಾ ಕುಡಿ ಬಾರೋ" ಅಂದ್ರ, "ತಡೀರಿ ಮಿಸ್ತ್ರಿ, ಇಂಜಿನ್ ಇನ್ನೂ ಸುಡಾಕತ್ತೈತಿ, ಅದು ತಣ್ಣಗಾಗಲಿ" ಅಂತಿದ್ದ. ಅದು ತಣ್ಣಗಾಗೂತನಕ ನನ್ನ ಚಾ ತಣ್ಣಗಾಗತಿತ್ತು.

ಮೂರು ವರ್ಷದಿಂದ ಆ ಗಾಡಿದ ಎಕ್ಸಿಲೇಟರ್ ಪೆಡಲ್ ಸವದಿತ್ತು. ತುಳದ್ರ ಕೆಳಗ ಹೋಗತಿತ್ತು, ಕಾಲು ತಗದ್ರ ಒಮ್ಮೊಮ್ಮೆ ಮ್ಯಾಲ ಬರತಿರ್ಲಿಲ್ಲ. ಆವಾಗ ಸತ್ತೆಪ್ಪ ಏನ ಮಾಡಾಂವ — ಕಾಲಿನ ಹೆಬ್ಬೆರಳು ಪೆಡಲಿನ ಕೆಳಗ ಹಾಕಿ, ಹಿಂಗ — ಎತ್ತಾಂವ. ಎತ್ತಿ ಎತ್ತಿ ಆ ಬೆರಳ ಮ್ಯಾಲ ಸೊಟ್ಟಗಾಗಿತ್ತು. "ಅಪ್ಪನ ಬೆರಳು ಮುಗಲ ನೋಡತೈತಿ" ಅಂತ ಸುಂದರಾ ನಗತಿದ್ಲು. ಬೆರಳಿಗೆ ನೀಗದಾಗ ಒಂದು ಹಗ್ಗ ಕಟ್ಟಿದ. ಪೆಡಲಿನ ತುದಿಗೆ ಒಂದು ಗಂಟು, ಸ್ಟೇರಿಂಗಿನ ಬುಡಕ ಇನ್ನೊಂದು ಗಂಟು. ಪೆಡಲ್ ಸಿಕ್ಕಿತಂದ್ರ ಬಲಗೈ ಕೆಳಗ ಹೋಗತಿತ್ತು, ಹಗ್ಗ ಜಗ್ಗತಿತ್ತು, ಪೆಡಲ್ ಎದ್ದು ಬರತಿತ್ತು. ರಸ್ತೆ ಮ್ಯಾಲಿನ ಕಣ್ಣು ತಗೀತಿರ್ಲಿಲ್ಲ. ಅಷ್ಟು ರೂಢಿ ಆಗಿತ್ತು.

ಈ ಹಂಗಾಮಿಗೆ ಸಾವಕಾರ್ರು ನನ್ನ ಕರದು ಅಂದ್ರು, "ತವನಪ್ಪಾ, ಹೊಸಾದು ಪೆಡಲ್ ಹಾಕಿಬಿಡು. ಏನ ಬೇಕೋ ತರಸು." ಸಾವಕಾರ್ರ, ಇದನ್ನ ಎಲ್ಲಾರೂ ಕೇಳಬೇಕು — ನೀವು ಹೊಸಾದು ಹಾಕು ಅಂದಿದ್ರಿ. ನಾನು ನಿಪ್ಪಾಣಿಗೆ ಹೋದೆ, ಕೊಲ್ಲಾಪುರಕ್ಕ ಹೋದೆ. ಆ ಮಾಡೆಲ್ಲಿಂದು ಸಿಗಲಿಲ್ಲ. ಪುಣೆಯಿಂದ ತರಸಬೇಕು, ತಿಂಗಳಾಗತೈತಿ ಅಂದ್ರು. ಫ್ಯಾಕ್ಟರಿ ಚಾಲೂ ಐತಿ, ಕಬ್ಬು ಕಡದು ಬಿದ್ದೈತಿ. "ಅದ್ಯಾಕ್ರಿ, ಹಳೇದನ್ನ ನಾ ಹೊಸಾದು ಮಾಡಿ ಕೊಡತೇನಿ" ಅಂದಾಂವ ನಾನು.

ಮಾಡಿದೆ. ಸವದ ಪಿನ್ ಕೊರದು ತಗದೆ, ಲೇಥಿನ ಮ್ಯಾಲ ಹೊಸಾ ಪಿನ್ ಮಾಡಿಸಿ ಬಿಗಿಯಾಗಿ ಕೂಡಿಸಿದೆ. ಪೆಡಲನ್ನ ಮ್ಯಾಲ ಎಳೀಲಿ ಅಂತ ಒಂದು ಗಟ್ಟಿ ಸ್ಪ್ರಿಂಗ್ ಹಾಕಿದೆ. ಆ ಸ್ಪ್ರಿಂಗಿನ ಕೊಂಡಿ ಸಿಗಸಾಕ ಪೆಡಲಿನ ತಗಡಿನ್ಯಾಗ ಒಂದು ಹಳೇ ತೂತು ಇತ್ತು. ಅದರ ಅಂಚು ಬ್ಲೇಡಿನಂಗ ತೆಳ್ಳಗಾಗಿತ್ತು. — ನಾ ಅದನ್ನ ನೋಡೇನಿ. ಇಲ್ಲೆ ನಿಂತು ಹೇಳತೇನಿ, ನಾ ನೋಡೇನಿ. ಬಾಜೂಕ ಹೊಸಾ ತೂತು ಹೊಡೀಬೇಕಿತ್ತು. ಅರ್ಧಾ ತಾಸಿನ ಕೆಲಸ. ಈ ಹಂಗಾಮು ತಡೀತೈತಿ ಬಿಡು ಅಂದೆ.

ಸತ್ತೆಪ್ಪ ಬಂದು ಕುಂತ. ತುಳದ, ಬಿಟ್ಟ, ತುಳದ, ಬಿಟ್ಟ. "ಶಾಬಾಸ್ ಮಿಸ್ತ್ರಿ, ಹೊಸಾ ಗಾಡಿ ಹೊಡದಂಗ ಆಗತೈತಲ್ರಿ" ಅಂದ. ಹಗ್ಗ ಇನ್ನೂ ಹಂಗ ಜೋತಾಡಾಕತ್ತಿತ್ತು. ನಾನು ಚಾಕು ತಗೊಂಡೆ.

"ಅದು ಇರಲಿ ಬಿಡ್ರಿ. ಅದರಿಂದ ಏನ ತ್ರಾಸ ಐತಿ?" ಅಂದ.

"ನನ್ನ ಕೈ ಮ್ಯಾಲ ಇಸವಾಸ ಇಲ್ಲೇನೋ ನಿನಗ? ನೋಡಿದವರು ಏನಂದಾರು, ತವನಪ್ಪ ಮಿಸ್ತ್ರಿ ರಿಪೇರಿ ಮಾಡಿದ ಗಾಡಿಗೆ ಹಗ್ಗ ಕಟ್ಯಾರ ಅಂದಾರು" ಅಂದೆ.

ಅಂವ ಹಗ್ಗದ ಗಂಟು ಮುಟ್ಟಿ ನೋಡಿದ. ಆಮ್ಯಾಲ ನಕ್ಕ. "ಹಂಗಲ್ರಿ ಅಣ್ಣಾ. ನಿಮಗ ಕಡಿಮಿ ಅನಸೂದಾದ್ರ ತಗೀರಿ" ಅಂದ.

ತಗದೆ. — ನನ್ನ ಮಾನಕ್ಕ ಕಡಿಮಿ ಆಗಬಾರದಂತ ಅಂವ ಹೂಂ ಅಂದ. ನನಗ ಬ್ಯಾಸರಾಗಬಾರದಂತ.

ಹಗ್ಗ ತಗದ ಆರನೇ ದಿನ. ಮಧ್ಯಾಹ್ನ ಮೂರು ಗಂಟೆ. ಗಾಡಿ ತುಂಬ ಕಬ್ಬು. ಕೆನಾಲ್ ಸೇತುವಿ ಏರಬೇಕಾದ್ರ ಪೆಡಲ್ ಪೂರಾ ತುಳೀಬೇಕು, ಆ ಏರು ನಿಮಗೆಲ್ಲಾ ಗೊತ್ತೈತಿ. ಏರಿದ ಕೂಡ್ಲೆ ಇಳಕಲು, ಇಳಕಲಿನ ತುದಿಗೆ ರಸ್ತೆ ಕೂಡೂ ಫಾಟಾ. ಫಾಟಾದಾಗ ಬಸ್ ನಿಂತಿತ್ತು, ಸಂತಿ ಮಂದಿ ಇಳದು ರಸ್ತೆ ದಾಟಾಕತ್ತಿದ್ರು. ಆ ತೂತಿನ ಅಂಚು ಹರದಿದ್ದು ಆ ಏರಿನ ಮ್ಯಾಲ. ಸ್ಪ್ರಿಂಗ್ ಕಳಚಿತು. ನಾ ಬಿಗಿಯಾಗಿ ಕೂಡಿಸಿದ ಪಿನ್ — ಪೆಡಲನ್ನ ತುಳದಲ್ಲೇ ಹಿಡಕೊಂಡು ಕುಂತಿತು. ಗಾಡಿ ಇಳಕಲಿಗೆ ಬಿತ್ತು. ಬ್ರೇಕ್ ತುಳದಾನ, ಗಾಲಿ ತಿಕ್ಕಿದ ಕಪ್ಪು ಗೆರಿ ನಾ ನೋಡಿ ಬಂದೇನಿ. ಅಷ್ಟು ಹೇರು ಇಟ್ಟುಕೊಂಡು ಯಾ ಬ್ರೇಕ್ ನಿಂದರತೈತ್ರಿ?

ಫಾಟಾದಾಗ ಬಾಳೆಹಣ್ಣು ಮಾರೋ ಕೆಂಚವ್ವ ಎದರಿಗೆ ನಿಂತು ನೋಡ್ಯಾಳ. ಆಕಿ ಪೊಲೀಸರಿಗೆ ಹೇಳಿದ್ದು ಇಷ್ಟ: "ಡ್ರೈವರಂದು ಮಾರಿ ಕಾಣಲಿಲ್ರಿ, ತಲಿ ಕೆಳಗ ಹೋಗಿತ್ತು. ಆಮ್ಯಾಲ ಎದ್ದ. ಎದ್ದು ಸ್ಟೇರಿಂಗ್ ಜೋರಾಗಿ ತಿರುವಿದ." ಆಕಿ ಕಂಡದ್ದ ಹೇಳ್ಯಾಳ. ತಲಿ ಕೆಳಗ ಹೋಗಿತ್ತಂದ್ರ ಮಲಗಿದ್ದ ಅಂತ ಮಂದಿ ತಿಳಕೊಂಡ್ರು.

ಮಲಗಿರ್ಲಿಲ್ರಿ. — ಅಂವ ಹಗ್ಗ ಹುಡುಕಾಕತ್ತಿದ್ದ.

ವರ್ಷಗಟ್ಟಲೆ ರೂಢಿ. ಕೈ ತಾನಾಗೇ ಕೆಳಗ ಹೋಗೈತಿ. ಹಗ್ಗ ಸಿಕ್ಕಿಲ್ಲ. ಬಗ್ಗಿ ಹುಡುಕ್ಯಾನ. ಆ ಒಂದು ಗಳಿಗಿ ಹೋತು. ತಲಿ ಎತ್ತಿದಾಗ ಮುಂದ ಮಂದಿ ಇದ್ರು. ಎಡಕ್ಕ ತಿರುವಿ, ಕೆನಾಲಿನವರು ಒಟ್ಟಿದ್ದ ಕಲ್ಲಿನ ರಾಶಿಗೆ ಗಾಡಿ ಹೊಡದ. ಹಿಂದಿನ ಕಬ್ಬೆಲ್ಲಾ ಮುಂದ ಬಂತು. ರಸ್ತೆ ಮ್ಯಾಲಿನ ಮಂದ್ಯಾಗ ಒಬ್ಬರಿಗೂ ಗೀರು ಬಿದ್ದಿಲ್ಲ.

ಮರುದಿನ ನಾನು ಗಾಡಿ ನೋಡಾಕ ಹೋದೆ. ಒಳಗ ಬಗ್ಗಿ ನೋಡಿದೆ. ತಗಡು ಹರದಿತ್ತು, ಸ್ಪ್ರಿಂಗ್ ಜೋತಾಡತಿತ್ತು. ಎಲ್ಲಾ ತಿಳೀತು. ತಿಳದೂ ಬಾಯಿ ಬಿಡಲಿಲ್ಲ. ಗ್ಯಾರೇಜಿಗೆ ಬಂದವರು "ಸತ್ತೆಪ್ಪ ಮಲಗಿದ್ನಂತಲ್ಲೋ" ಅಂತಿದ್ರು. ನಾನು "ಹೂಂ" ಅಂದೆ. ಒಂದ ಸಲ ಅಲ್ಲ, ಹತ್ತು ದಿನ ಅಂದೇನಿ. ಪೆಡಲ್ ಕೆಡಿಸಿದ್ದು ನನ್ನ ಕೈ. ಆ ಹೂಂ ಅಂದದ್ದು ನನ್ನ ಬಾಯಿ. ಯಾವುದು ದೊಡ್ಡ ಪಾಪ ಅಂತ ನನಗ ಹೇಳಾಕ ಬರೂದಿಲ್ಲ.

ನಿನ್ನೆ ಠಾಣೆಗೆ ಹೋಗಿ ಹೇಳಿ ಬಂದೇನಿ. "ಈಗ್ಯಾಕ ಹೇಳ್ತಿ ಮಿಸ್ತ್ರಿ?" ಅಂದ್ರು. ಬರಕೊಂಡಾರ. ಏನ ಆಗತೈತೋ ಆಗಲಿ. ಅದರಿಂದ ಏನೂ ಹಗರ ಆಗಿಲ್ಲ ನನಗ. ಆಗೂದೂ ಇಲ್ಲ.

ಇವತ್ತು ಮುಂಜಾನೆ ಚನ್ನವ್ವಕ್ಕನ ಮನಿಗೆ ಹೋದೆ. ಎಲ್ಲಾ ಹೇಳಿದೆ. ಬೈತಾರ, ಹೊಡೀತಾರ ಅಂದುಕೊಂಡಿದ್ದೆ. ಹೊಡದಿದ್ರ ಚಲೋ ಇತ್ತು. ಅವರು ಒಂದ ಮಾತು ಕೇಳಿದ್ರು.

"ಹಂಗಾರ... ಅವರು ಮಲಗಿರ್ಲಿಲ್ಲೇನ್ರಿ?"

"ಇಲ್ಲವ್ವಾ" ಅಂದೆ.

"ಅದನ್ನ ಮಂದಿ ಮುಂದ ಹೇಳ್ರಿ. ಹೇಳಿದ ಮ್ಯಾಲ ನಮ್ಮ ಬಾಗಲಿಗೆ ಬರಬ್ಯಾಡ್ರಿ" ಅಂದ್ರು.

ಹೇಳೇನಿ ಅಕ್ಕಾ. ಬರೂದಿಲ್ಲ.

ಬಂಧುಗಳೇ, ನಾನು ಕ್ಷಮಾ ಕೇಳಾಕ ನಿಂತಿಲ್ಲ. ಅದನ್ನ ಕೊಡಬೇಕಾದಾಂವ ಇಲ್ಲಿಲ್ಲ. ಮೃತರ ಆತ್ಮಕ್ಕ ಶಾಂತಿ ಸಿಗಲಿ ಅಂತ ಬೇಡಿಕೊಳ್ಳಾಕ ನನಗ ಬಾಯಿ ಬರವಲ್ದು, ನೀವು ಬೇಡಿಕೊಳ್ರಿ. ಇವತ್ತು ಮನಿಗೆ ಹೋಗಿ, ಚಾದಂಗಡ್ಯಾಗ ಕುಂತು, ಯಾರರ ಸತ್ತೆಪ್ಪನ ಹೆಸರು ತಗದ್ರ — ಎಚ್ಚರ ಇದ್ದ ಅಂತ ಹೇಳ್ರಿ. ಇಷ್ಟ.

ಈಗ ಎಲ್ಲಾರೂ ಎದ್ದು ಎರಡು ನಿಮಿಷ ಮಾತಾಡದನ ನಿಂದರೋಣು. ಚನ್ನವ್ವಕ್ಕಾ, ನೀವು ಕುಂದರ್ರಿ, ಏಳಬ್ಯಾಡ್ರಿ. ಸುಂದರಾ, ಅವ್ವನ ಕೈ ಹಿಡಕೊ. — ಹೊರಗ ಯಾರದೋ ಗಾಡಿ ಚಾಲೂ ಐತಿ ನೋಡ್ರಿ. ಅದನ್ನ ಬಂದ್ ಮಾಡ್ರಪಾ.

ಏಳ್ರಿ.