ಅರ್ತಿಂಗ್ ಗುಂಡಿಗೆ ಒಂದು ಕೊಡ ನೀರು

ನನ್ನ ಮೀಸೆಯ ಮೇಲಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ವಂಶದಲ್ಲಿ ದೆವ್ವಕ್ಕೆ ಹೆದರದ ಗಂಡಸು ನಾನೊಬ್ಬನೇ. ಆದರೂ ದೀಪ ಆರಿಸಬೇಡಿ... ನಿಮಗೋಸ್ಕರ ಹೇಳಿದೆ.

ನಮ್ಮ ಚಿಕ್ಕಪ್ಪನ ಮಗ, ಟೈಪಿಂಗ್ ಅಂಗಡಿಯವನು, ಆ ರಾತ್ರಿ ಬೀಗ ಹಾಕಿ ಮನೆಗೆ ಹೊರಟಿದ್ದ. ಪಕ್ಕದ ಬಾವಿಯ ತನಕ ಬಂದ... ನಿಂತ. ಮಣಿಕಟ್ಟು ಸವರಿಕೊಂಡ. ಇಡೀ ದಿನ ಒಂದು ಸಲವೂ ಸರಿಯಾಗಿ ಜುಮ್ಮೆಂದಿರಲಿಲ್ಲ. ತಿರುಗಿ ಹೋಗಿ ಬೀಗ ತೆಗೆದ.

ಯಾಕೆ ಅಂತೀರಾ? ಮೊದಲೆಲ್ಲ ಹೆಂಡತಿ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು, ಇವನು ಕಂಪ್ಯೂಟರಿನಲ್ಲಿ ಕುಟ್ಟುತ್ತಿದ್ದ. ತಪ್ಪು ಕುಟ್ಟಿದರೆ ಮಣಿಕಟ್ಟಿಗೆ ಒಂದು ಚಿವುಟು. ಸೋರಿದ ಕರೆಂಟು ನೆಲಕ್ಕಿಳಿಯಲಿ ಅಂತ ಅಂಗಡಿಯ ಹಿತ್ತಲಲ್ಲಿ ಉಪ್ಪು, ಇದ್ದಿಲು ತುಂಬಿ ತಂತಿ ಹೂತ ಗುಂಡಿಯಿತ್ತಲ್ಲ, ಅದು ಒಣಗದ ಹಾಗೆ ದಿನಾ ಸಂಜೆ ಒಂದು ಕೊಡ ನೀರು ಹಾಕುವುದೂ ಅವಳದೇ ಕೆಲಸ. ಜ್ವರ ಬಂತು, ಅವಳು ಹೋಗಿಬಿಟ್ಟಳು. ಕೊಡ ಬೋರಲು ಬಿತ್ತು. ಗುಂಡಿ ಒಣಗಿತು. ಆಮೇಲೆ ಕಂಪ್ಯೂಟರಿನ ತಗಡಿಗೆ ಕೈ ತಾಕಿದಾಗೆಲ್ಲ... ಜುಮ್ಮ್! ಥೇಟ್ ಅವಳು ಚಿವುಟಿದ ಹಾಗೆ.

ವೈರಿಂಗ್ ಕೆಲಸದ ಭಾವಮೈದ ಬಂದು ನೋಡಿದ.

"ಭಾವ, ಗುಂಡಿ ಒಣಗಿದೆ. ನೀರು ಹಾಕಿದ್ರೆ ನಿಂತೋಗುತ್ತೆ."

"ನಿಲ್ಲೋದು ಬೇಡ ಕಣೋ."

"ಹುಚ್ಚಾ ನಿಮಗೆ? ಇವತ್ತು ಜುಮ್ಮನ್ನುತ್ತೆ. ನಾಳೆ ಹಿಡ್ಕೊಂಡ್ರೆ ಬಿಡಲ್ಲ."

"ನಿಮ್ಮಕ್ಕ ಹಿಡ್ಕೊಂಡಿದ್ದನ್ನ ಯಾವತ್ತು ಬಿಟ್ಟಿದ್ಲು ಹೇಳು?"

ಭಾವಮೈದ ನಕ್ಕ. ನಗುತ್ತಲೇ ಮುಖ ಆ ಕಡೆ ತಿರುಗಿಸಿದ.

ಈಗ ಆ ಜುಮ್ಮೂ ಮಂಕಾಗುತ್ತಿತ್ತು. ದೂರ ಹೋಗ್ತಿದ್ದಾಳೆ... ಅನ್ನಿಸಿತು ಇವನಿಗೆ. ಆ ರಾತ್ರಿ ಬೀಗ ತೆಗೆದು ಒಳಬಂದವನು ಕಂಪ್ಯೂಟರ್ ಹಾಕಿ, ಚಪ್ಪಲಿ ಬಿಟ್ಟ. ಬಾಟಲಿಯಲ್ಲಿ ಉಳಿದಿದ್ದ ಕುಡಿಯೋ ನೀರನ್ನೆಲ್ಲ ನೆಲಕ್ಕೆ ಸುರಿದು, ಅದರ ಮೇಲೆ ಬರಿಗಾಲಲ್ಲಿ ನಿಂತ.

"ಎಲ್ಲಿದ್ದೀಯೇ..." ಪಿಸುಗುಟ್ಟಿದ. "ಈ ಸಲ ಬಿಡಬೇಡ್ವೇ."

ಎರಡೂ ಅಂಗೈ ಚಾಚಿದ.

ಹಿತ್ತಲಲ್ಲಿ... ಟಣ್. ಕೊಡದ ಅಂಚು ಕಲ್ಲಿಗೆ ತಾಕಿದ ಸದ್ದು. ಆಮೇಲೆ ಗುಳು... ಗುಳು... ಗುಳು. ಒಣಮಣ್ಣು ನೀರು ಹೀರುವ ಸ್ಸ್ಸ್...

ಅಂಗೈ ತಗಡಿನ ಮೇಲೆ ಕೂತಿತು. ಏನೂ ಇಲ್ಲ. ತಣ್ಣನೆಯ ತಗಡು, ಅಷ್ಟೇ.

"ಬೇಡ ಕಣೇ! ಹಾಕ್ಬೇಡ್ವೇ!"

ಓಡಿದ. ಯಾರೂ ಇಲ್ಲ. ಕೊಡ ಅವಳು ಬಿಟ್ಟ ಜಾಗದಲ್ಲೇ ಬೋರಲು ಬಿದ್ದಿತ್ತು. ಅಂಚಿನಿಂದ ತೊಟ್... ತೊಟ್. ಗುಂಡಿ ತುಂಬಿತ್ತು. ಅದರ ಪಕ್ಕ ಕುಕ್ಕರಿಸಿ, ಬೆಳಗಾಗುವ ತನಕ ಅತ್ತ. ಈಗ ದಿನಾ ಸಂಜೆ ನೀರು ಹಾಕುವವನು ಅವನೇ.

ನಡೆದದ್ದೇ ಕಣ್ರೀ! ಬೆಳಗ್ಗೆ ಭಾವಮೈದ ತಗಡಿಗೆ ಟೆಸ್ಟರ್ ಇಟ್ಟು ನೋಡಿದ, ಅದರ ದೀಪ ಹತ್ತಲಿಲ್ಲ. ಬೇಕಾದರೆ ಕೇಳಿ ಅವನನ್ನ.

ಆಯ್ತು, ಹಾಗೆ ದುರುಗುಟ್ಟಬೇಡಿ... ಒಂದೇ ಒಂದು ನಾನು ಸೇರಿಸಿದ್ದು. ಬಾವಿ. ಬಾವಿಯಿಲ್ಲದ ದೆವ್ವದ ಕತೆಯನ್ನು ಯಾರು ಕೇಳುತ್ತಾರೆ? ಆ ಬೀದಿಯಲ್ಲಿ ಬಾವಿಯೇ ಇಲ್ಲ. ಇರುವುದೊಂದು ನಲ್ಲಿ. ಅದರಲ್ಲೂ ಆ ವಾರವೆಲ್ಲ ಒಂದು ಹನಿ ನೀರು ಬಂದಿರಲಿಲ್ಲ.