ಹನ್ನೆರಡು ಸಾಲಿನ ತೂಕ

ಹಲೋ... ಯಾರು ಮಾತಾಡೋದು? ನಿಂಗಕ್ಕತ್ತೆನಾ? ... ನಾನು ಕಾಂಚನಾ, ಚಳ್ಳಕೆರೆಯಿಂದ. ... ಹಾಂ, ಉಂಡೆ, ಉಂಡೆ. ಮಾವ ಎಲ್ಲವ್ರೆ? ... ರೊಪ್ಪದಾಗಾ? ಅಲ್ಲಿಗೇ ಹೋಗಿ ಫೋನ್ ಕೊಡ್ರಿ ಅತ್ತೆ, ಬೇಗ...

ದೇವಸಮುದ್ರದಲ್ಲಿ ಅತ್ತೆ ಮನೆಯಿಂದ ಕುರಿರೊಪ್ಪದವರೆಗೆ ನಡೆಯುವಷ್ಟು ಹೊತ್ತು ಕಾಂಚನಾ ಕಚೇರಿಯ ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ನಿಂತಳು. ಕುರಿಗೆ ಜಂತಿನ ಔಷಧಿ ಎಷ್ಟು ಹಾಕಬೇಕೆಂದು ಹೇಳುವ ಆಪ್ ಬರೆದವಳು ಅವಳೇ. ಅದನ್ನು ಮೊದಲು ಮಾರಣ್ಣ ಮಾವನ ಕುರಿಗಳಿಗೇ ಬಳಸಬೇಕೆಂದು ಹಟ ಹಿಡಿದವಳೂ ಅವಳೇ.

ಮಾವ? ... ಹಾಂ, ಕಾಂಚನಾನೇ. ಔಷಧಿ ಕುಡಿಸೋಕೆ ನಮ್ಮ ಆಫೀಸಿನ ಹುಡ್ಗ ಮಹಾಂತೇಶ ಬಂದವ್ನಾ? ... ಶುರು ಮಾಡವ್ನಾ? ನಿಲ್ಸೋಕೆ ಹೇಳ್ರಿ. ... ಯಾಕೆ ಅಂತ ಆಮೇಲೆ, ಮೊದ್ಲು ನಿಲ್ಸೋಕೆ ಹೇಳ್ರಿ...

ನಿಲ್ಸಿದ್ನಾ? ... ಸರಿ. ಮಾವ, ಹೋದ ತಿಂಗಳು ನಂಗೆ ಹನ್ನೆರಡು ಕುರಿ ತೂಕ ಬರ್ಸಿದ್ರಲ್ಲ, ಯಾವ್ದಕ್ಕೆ ದನದ ಡಾಕ್ಟ್ರು ಎಷ್ಟು ಔಷಧಿ ಹಾಕಿದ್ರು ಅಂತಾನೂ. ಆ ತೂಕ ನಿಜಾನಾ? ...

ಬೈಯಲ್ಲ, ಹೇಳ್ರಿ. ದೊಡ್ಡ ಟಗರು ಹದಿನೈದು ಕೆಜಿ ಅಂದಿದ್ರಿ. ಡಾಕ್ಟ್ರು ಈಗ ಪಟ್ಟಿ ನೋಡಿ, ಇದು ಟಗರೋ ಬೆಕ್ಕೋ ಅಂದ್ರು. ... ಎಷ್ಟು? ಮೂವತ್ತಾ? ... ಎಲ್ಲಾ ಅರ್ಧಾನಾ? ಹನ್ನೆರಡೂ? ...

ಕುರಿಯ ತೂಕವನ್ನಾಗಲಿ ಎಣಿಕೆಯನ್ನಾಗಲಿ ಮಾರಣ್ಣ ಬಾಯಿಬಿಟ್ಟು ಹೇಳುವವನಲ್ಲ, ಕಣ್ಣು ತಾಗುತ್ತದೆ. ಕೇಳಿದವಳು ಅಕ್ಕನ ಮಗಳಾದರೂ ಅರ್ಧವೇ ಹೇಳಬೇಕು. ಔಷಧಿಗೆ ಯಾರ ಕಣ್ಣೂ ತಾಗುವುದಿಲ್ಲವಲ್ಲ, ಅದನ್ನು ಮಾತ್ರ ಸರಿಯಾಗಿ ಬರೆಸಿದ್ದ.

ಅಲ್ಲ ಮಾವ, ತಪ್ಪು ನಂದು. ಆಪು ಸರಿಯಾಗಿ ಹೇಳ್ತೈತಾ ಅಂತ ನೋಡೋಕೆ ನಾವು ಪರೀಕ್ಷೆ ಅಂತ ಒಂದು ಬರೀತೀವಿ. ಪರೀಕ್ಷೆ ಒಂದೇ, ಅಂಕಿ ಮಾತ್ರ ಸಾಲು ಸಾಲಾಗಿ ಕೊಡ್ತೀವಿ. ಈ ತೂಕಕ್ಕೆ ಇಷ್ಟು ಔಷಧಿ ಬರ್ಬೇಕು, ಆ ತೂಕಕ್ಕೆ ಅಷ್ಟು. ಹನ್ನೆರಡು ಸಾಲಿಗೆ ಹನ್ನೆರಡು ಸಲ ಓಡ್ತೈತೆ. ನೀವು ಕೊಟ್ಟ ಸಾಲು ಹಾಕ್ದೆ, ಹನ್ನೆರಡೂ ಫೇಲು. ... ಹಾಂ, ಮೊದ್ಲು ಆಪಿಗೆ ಹಾಕಿದ್ದ ಡಾಕ್ಟ್ರು ಲೆಕ್ಕ ಸರೀನೇ ಇತ್ತು. ಹುಟ್ಟಿದಾಗಿಂದ ಕುರಿ ಕಾದೋರು ಹೇಳಿದ್ದು ಸುಳ್ಳಾಗ್ತೈತಾ ಅಂತ ನಾನೇ ಲೆಕ್ಕ ತಿದ್ದಿ ಪಾಸ್ ಮಾಡ್ಸಿದೆ...

ಈಗ ಏನಾಗ್ತೈತಾ? ಮಹಾಂತೇಶ ಮಿಷಿನ್ನಾಗೆ ನಿಜವಾದ ತೂಕ ನೋಡಿ ಹಾಕ್ತಾನೆ, ಆಪು ಎರಡರಷ್ಟು ಔಷಧಿ ಹೇಳ್ತೈತೆ. ... ತಡ್ಕೊಳ್ಳಲ್ಲ ಮಾವ, ಅದು ಗಟ್ಟಿ ಔಷಧಿ. ಜೊಲ್ಲು ಸುರಿಸ್ತಾವಾ ನೋಡ್ರಿ. ಕಾಲು ನಡುಗ್ತಾವಾ? ... ಟಗರು ಮಲಗ್ತಾ? ... ಅಯ್ಯೋ ಮಾವ...

ಡಾಕ್ಟ್ರು ಮೊಳಕಾಲ್ಮೂರಿಂದ ಹೊರಡ್ತಾವ್ರೆ. ಎಷ್ಟು ಕುರಿಗೆ ಇಂಜೆಕ್ಷನ್ ತರ್ಬೇಕು ಅಂತ ಕೇಳ್ತಾವ್ರೆ. ಎಷ್ಟಕ್ಕೆ ಕುಡಿಸಿದ್ರಿ? ... ಏನೋ ಒಂದಿಷ್ಟು ಅಂದ್ರೆ ಹೆಂಗೆ? ಕಮ್ಮಿ ತಂದ್ರೆ ಉಳಿದವು ಸಾಯ್ತವೆ. ... ನಾನೇನು ಬೇರೆಯೋಳಾ? ಹೇಳ್ರಿ...

ಕಾಂಚನಾ ಬರೆದುಕೊಳ್ಳಲು ಪೆನ್ನು ತೆಗೆದು ಅಂಗೈ ಚಾಚಿದಳು.

ನಲವತ್ತ್ಮೂರು. ... ನಲವತ್ತ್ಮೂರು, ಅಲ್ವಾ? ... ಮಾವ, ಇದು ಪೂರ್ತಿನಾ, ಅರ್ಧಾನಾ? ... ಹಲೋ... ಮಾವ, ಪೂರ್ತಿನಾ...

ಲೈನು ಕಟ್ಟಾಯಿತು.